ಒಂದು ಸುಳ್ಳು, ಒಂದು ಖರೆ

ಲಿಂಗಸುಗೂರಿನಲ್ಲಿ ನಾನು ಏಳು ವರ್ಷ ಮಾಸ್ತರಿಕೆ ಮಾಡಿದೆ. ಆ ಏಳು ವರ್ಷವೂ, ನಾನು ಮುಂದೆ ಯಾವ ಪುಸ್ತಕ ಓದಬೇಕೆಂಬುದನ್ನು ಕನ್ನಡ ಓದಲು ಬಾರದ ಒಬ್ಬರು ನಿರ್ಧರಿಸಿದರು. ನನ್ನದು ಮಾತ್ರವಲ್ಲ, ದರ್ಜಿಯದು, ಬಸ್ ಏಜೆಂಟನದು, ಊರಿನಲ್ಲಿ ನಾಲ್ಕಕ್ಷರ ಬಲ್ಲ ಎಲ್ಲರದೂ. ಇಂಥ ವ್ಯವಸ್ಥೆ ಬೇರೆ ಯಾವ ಊರಿನಲ್ಲೂ ಇದ್ದಂತೆ ಕೇಳಿಲ್ಲ. ಇದ್ದರೂ ಆ ಊರಿನವರು ನಾಚಿಕೆಯಿಂದ ಹೊರಗೆ ಹೇಳಿರಲಾರರು.

ಅವರನ್ನು ಎಲ್ಲರೂ ಪೇಷ್ಕಾರರು ಎನ್ನುತ್ತಿದ್ದರು. ಹೆಸರೊಂದು ಇತ್ತು, ಆದರೆ ಬರೆಯುವುದಿಲ್ಲ. ನನ್ನ ಹೆಸರು ಹೇಳಬೇಕಾದ ಕಡೆ ಅವರೂ ಒಮ್ಮೆ ಹೇಳದೆ ಬಾಯಿ ಮುಚ್ಚಿಕೊಂಡಿದ್ದರು.

ನಿಜಾಮರ ಕಾಲದಲ್ಲಿ ತಹಸೀಲ ಕಚೇರಿಯ ಪೇಷ್ಕಾರನ ಕೆಲಸವೆಂದರೆ ಸಾಹೇಬರ ಮುಂದೆ ಕಾಗದಪತ್ರ ಇಟ್ಟು ಓದಿ ಹೇಳುವುದು. ಅದಕ್ಕೆ ಪೇಷಿ ಎನ್ನುತ್ತಿದ್ದರು. ಪೇಷ್ಕಾರ ಓದಬೇಕು, ಸಾಹೇಬ ಕೇಳಬೇಕು, ಕೇಳಿದ್ದನ್ನು ನಂಬಿ ಸಹಿ ಹಾಕಬೇಕು. ಇವರು ಹಾಗೆ ಮೂವತ್ತು ವರ್ಷ ಉರ್ದುವಿನಲ್ಲಿ ಓದಿದವರು. ಮಾತು ಅಚ್ಚ ಕನ್ನಡ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಅಕ್ಷರ ಮಾತ್ರ ಉರ್ದು. ಶಾಲೆಯಲ್ಲಿ ಕಲಿಸಿದ್ದೇ ಅದು, ಪಾಪ, ಅವರದೇನು ತಪ್ಪು? ೧೯೪೮ರಲ್ಲಿ ನಿಜಾಮರ ಆಳ್ವಿಕೆ ಹೋಯಿತು. ಮರುವರ್ಷ ಇವರಿಗೆ ಪೆನ್ಶನ್ ಆಯಿತು, ಕರಿ ಟೊಪ್ಪಿಗೆ ಹೋಗಿ ಬಿಳಿ ಟೊಪ್ಪಿಗೆ ಬಂತು. ಒಳಗಿನ ತಲೆ ಮಾತ್ರ ಕಚೇರಿಯದೇ ಉಳಿಯಿತು.

ಅದೇ ಹೊತ್ತಿಗೆ ಊರಿನ ಉತ್ಸಾಹಿಗಳು ಒಂದು ಕನ್ನಡ ವಾಚನಾಲಯ ತೆರೆದಿದ್ದರು. ಹತ್ತಿ ಗೋದಾಮಿನ ಪಕ್ಕದ ಒಂದು ಕೋಣೆ, ಎರಡು ಅಲ್ಮಾರಿ, ಒಂದು ಮೇಜು, ಎರಡು ಬೆಂಚು. ಉದ್ಘಾಟನೆಯ ದಿನ ಕನ್ನಡಕ್ಕಾಗಿ ಪ್ರಾಣ ಕೊಡುತ್ತೇವೆಂದು ಹನ್ನೊಂದು ಮಂದಿ ಭಾಷಣ ಮಾಡಿದರಂತೆ. ಮರುದಿನ ಕಸ ಗುಡಿಸಿ ಬಾಗಿಲು ತೆಗೆಯಲು ಬಂದವರು ಪೇಷ್ಕಾರರೊಬ್ಬರೇ. ಬೀಗದ ಕೈ ಅವರ ಉಡಿದಾರಕ್ಕೆ ಸೇರಿದ್ದು ಹಾಗೆ.

ನಾನು ಮಸ್ಕಿಯವ, ಆದರೆ ಧಾರವಾಡದಲ್ಲಿ ಓದಿ ಬಂದವ. ಆಗ ಧಾರವಾಡದಲ್ಲಿ ಓದಿ ಬಂದವರಿಗೆ ನಮ್ಮ ಕಡೆ ಒಂದು ತೂಕವಿತ್ತು. ಆ ತೂಕವನ್ನು ನಾನು ಒಂದು ಗಳಿಗೆಯೂ ನೆಲಕ್ಕಿಳಿಸದೆ ಹೊತ್ತು ತಿರುಗುತ್ತಿದ್ದೆ. ಊರಿಗೆ ಬಂದ ವಾರದಲ್ಲೇ ವಾಚನಾಲಯಕ್ಕೆ ಹೋಗಿ, ಒಳ್ಳೆಯ ಕಾದಂಬರಿ ಯಾವುದಿದೆ ಎಂದು ಕೇಳಿದೆ.

"ಕಡೀಕ ಓದಿದ್ದು ಏನ್ರಿ ಮಾಸ್ತರ?" ಎಂದರು ಪೇಷ್ಕಾರರು.

"ಕಾದಂಬರಿ."

"ಅದಕ್ಕಿಂತ ಮದಲ?"

"ಅದೂ ಕಾದಂಬರೀನ ರೀ."

ನಾಡಿ ಹಿಡಿದ ವೈದ್ಯರ ಹಾಗೆ ಲೊಚಗುಟ್ಟಿದರು. ಎದ್ದು ಬಲಗಡೆಯ ಅಲ್ಮಾರಿ ತೆಗೆದು, ಪುಸ್ತಕಗಳ ಹಿಂದೆ ತಾವೇ ಅಂಟಿಸಿದ್ದ ಉರ್ದು ಚೀಟಿಗಳ ಮೇಲೆ ಬೆರಳಾಡಿಸಿ, ಒಂದನ್ನು ಎಳೆದು ನನ್ನ ಕೈಗಿಟ್ಟರು. ಆಡುಗಳಿಗೆ ಬರುವ ರೋಗಗಳು ಮತ್ತು ಅವುಗಳ ಔಷಧಿ.

"ನನ್ನ ಹಂತ್ಯಾಕ ಆಡು ಇಲ್ರೀ," ಎಂದೆ.

"ಆಡು ಇಲ್ಲ ಅಂದ ಮ್ಯಾಲೆ ರೋಗಾನೂ ಇಲ್ಲ. ಆರಾಮ ಓದ್ರಿ," ಎಂದರು. ಆಮೇಲೆ ತಮ್ಮ ಕಾನೂನು ತಿಳಿಸಿದರು. "ಒಂದು ಸುಳ್ಳು ಓದಿದ್ರ ಒಂದು ಖರೆ ಓದಬೇಕ್ರಿ. ಬರೇ ಸುಳ್ಳು ಓದಿದ್ರ ತಲಿ ಗಾಳಿಗೆ ಹೋಗತೈತಿ. ಬರೇ ಖರೆ ಓದಿದ್ರ ಮನಷ್ಯಾ ಒಣಗತಾನ. ನೀವು ಎರಡು ಸುಳ್ಳು ಓದಿ ಬಂದೀರಿ."

ಎಡಗಡೆಯ ಅಲ್ಮಾರಿ ಸುಳ್ಳಿನದು: ಕಾದಂಬರಿ, ಕಥೆ, ನಾಟಕ. ಬಲಗಡೆಯದು ಖರೆ: ಬೇಸಾಯ, ವೈದ್ಯ, ಪ್ರವಾಸ, ಚರಿತ್ರೆ. ಕವನಗಳನ್ನು ಮೇಜಿನ ಮೇಲೆ ಇಟ್ಟಿದ್ದರು. "ಹಾಡು ಸುಳ್ಳೂ ಅಲ್ಲ, ಖರೇನೂ ಅಲ್ಲ. ಯಾರಿಗೆ ಬೇಕು ಅವರು ಒಯ್ರಿ," ಎನ್ನುತ್ತಿದ್ದರು. ಒಬ್ಬ ಸಾಹುಕಾರ ತನ್ನ ಜೀವನಚರಿತ್ರೆಯನ್ನು ತಾನೇ ಮುಂದೆ ನಿಂತು ಬರೆಸಿ, ಅಚ್ಚು ಹಾಕಿಸಿ, ವಾಚನಾಲಯಕ್ಕೆ ದಾನ ಕೊಟ್ಟಿದ್ದ. ಪೇಷ್ಕಾರರು ಅದನ್ನು ಮೊದಲು ಖರೆ ಅಲ್ಮಾರಿಯಲ್ಲಿಟ್ಟರು. ಯಾರೋ ಓದಿ ಬಂದು ಹೇಳಿದ್ದನ್ನು ಪೂರ್ತಿ ಕೇಳಿದ ಮೇಲೆ ಮಾತಾಡದೆ ಎದ್ದು ಹೋಗಿ ಸುಳ್ಳಿನ ಅಲ್ಮಾರಿಗೆ ಹಾಕಿ ಬಂದರು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ವಿಮರ್ಶೆಯನ್ನು ನಾನು ಇನ್ನೊಂದು ಕಂಡಿಲ್ಲ.

ಯಾರೋ ಓದಿ ಬಂದು ಹೇಳಿದ್ದು ಎಂದೆನಲ್ಲ, ಅದೇ ಅಲ್ಲಿಯ ಎರಡನೆಯ ಕಾನೂನು. ಒಯ್ದ ಪುಸ್ತಕ ತಂದುಕೊಟ್ಟರೆ ಸಾಲದು, ಅದರೊಳಗೆ ಏನಿದೆಯೆಂದು ಬೆಂಚಿನ ಮೇಲೆ ಕೂತು ಪೂರ್ತಿ ಹೇಳಬೇಕು. ಹೇಳಿದ ಮೇಲೆಯೇ ಮುಂದಿನದು. ಇದಕ್ಕೂ ಅವರು ಪೇಷಿ ಎಂದೇ ಹೆಸರಿಟ್ಟಿದ್ದರು. "ಮೂವತ್ತು ವರ್ಷ ನಾ ಓದೀನಿ, ಸಾಹೇಬ್ರು ಕೇಳ್ಯಾರ. ಈಗ ನೀವು ಓದ್ರಿ, ನಾ ಕೇಳತೀನಿ," ಎನ್ನುತ್ತಿದ್ದರು. ಕಣ್ಣು ಮುಚ್ಚಿ, ಎಡಗೈಯಿಂದ ಮೀಸೆಯ ತುದಿ ಹಿಡಿದುಕೊಂಡು ಕೇಳುತ್ತಿದ್ದರು. ಮೆಚ್ಚಿದರೆ ಬಲಗೈಯ ತೋರುಬೆರಳು ಮೇಜಿನ ಮೇಲೆ ಸಹಿ ಹಾಕಿದ ಹಾಗೆ ಆಡುತ್ತಿತ್ತು. ಕನ್ನಡದ ಒಂದಕ್ಷರ ಬಾರದವರ ತಲೆಯಲ್ಲಿ ಹೀಗೆ ಎರಡು ಅಲ್ಮಾರಿ ಕನ್ನಡ ಸೇರಿಕೊಂಡಿತು. ನಾವು ಮಾಸ್ತರರು ಅವರ ಹಿಂದೆ ನಗುತ್ತಿದ್ದೆವು. ಕುರುಡ ಕನ್ನಡಿ ಅಂಗಡಿ ಇಟ್ಟಿದ್ದಾನೆಂದು ನಾನೇ ಒಮ್ಮೆ ಅಂದು, ಸ್ಟಾಫ್ ರೂಮಿನಲ್ಲಿ ಭೇಷ್ ಅನ್ನಿಸಿಕೊಂಡಿದ್ದೆ.

ಪೇಷಿಗಳಲ್ಲಿ ದರ್ಜಿಯದು ದೊಡ್ಡ ಗಮ್ಮತ್ತು. ಮುದಗಲ್ಲಿನಿಂದ ಬಂದು ನೆಲೆಸಿದ ಮುಸ್ಲಿಂ ಗೃಹಸ್ಥ. ಮನೆಯಲ್ಲಿ ದಖನಿ, ಅಂಗಡಿಯಲ್ಲಿ ಕನ್ನಡ, ಎರಡೂ ನೀರು ಕುಡಿದಷ್ಟು ಸಲೀಸು. ಅವನು ಕಥೆ ಹೇಳಿದರೆ ನಾಯಕಿ ಬಾಗಿಲಿಗೆ ಬರುವ ಮೊದಲು ಅವಳ ಜಂಪರು ಬರುತ್ತಿತ್ತು.

"ಹಸರ ಜಂಪರ ರೀ ಪೇಷ್ಕಾರ್ ಸಾಬ್, ತೋಳಿಗೆ ಎರಡು ಬೊಟ್ಟು ಜರಿಪಟ್ಟಿ..."

ಆ ಕಾದಂಬರಿ ನಾನು ಓದಿದ್ದೆ. ಅದರಲ್ಲಿ ಜಂಪರೂ ಇಲ್ಲ, ಜರಿಪಟ್ಟಿಯೂ ಇಲ್ಲ. ಎದ್ದು ನಿಂತು ತಕರಾರು ಮಾಡಿದೆ.

"ಇರಲಿ ಬಿಡ್ರಿ ಮಾಸ್ತರ," ಎಂದರು ಪೇಷ್ಕಾರರು. "ಬರದಾಂವಗ ಹೊಲಿಗಿ ಬರ್ತಿದ್ದಿಲ್ಲ, ಇವರು ಹೊಲದು ಕೊಟ್ಟಾರ. ಸುಳ್ಳಿನ್ಯಾಗ ನಿಮ್ಮ ಮನಸಿಗೆ ಬಂದಂಗ ಕೂಡಸ್ರಿ. ಖರೆ ಪುಸ್ತಕದಾಗ ಮಾತ್ರ ಒಂದಕ್ಷರ ಆಕಡೆ ಈಕಡೆ ಆಗಬಾರದು."

ಬಸ್ ಏಜೆಂಟ್ ಕಿಡಿಗೇಡಿ. "ನಾವು ಆಕಡೆ ಈಕಡೆ ಮಾಡಿದ್ರ ನಿಮಗ ಹೆಂಗ ಗೊತ್ತಾಗಬೇಕ್ರಿ? ಇನ್ನೊಬ್ಬರ ಕಡಿಂದ ಓದಿಸಿ ನೋಡತೀರೇನು?" ಎಂದ.

ಪೇಷ್ಕಾರರು ಕಣ್ಣು ತೆರೆದರು. ನಗಲಿಲ್ಲ. "ಪೇಷ್ಕಾರ ಓದಿದ ಮ್ಯಾಲೆ ಸಾಹೇಬ ಇನ್ನೊಬ್ಬನ್ನ ಕರದು ಅದನ್ನ ಓದಿಸಿದ ಅಂದ್ರ, ಪೇಷ್ಕಾರಗ ಕಳ್ಳ ಅಂದಂಗ ಆತು. ಮೂವತ್ತು ವರ್ಷದಾಗ ನನಗ ಯಾರೂ ಹಂಗ ಅನ್ನಲಿಲ್ಲ. ನಾನೂ ಯಾರಿಗೂ ಅನ್ನಂಗಿಲ್ಲ," ಎಂದರು. ಏಜೆಂಟ್ ಕೈ ಮುಗಿದು ಕೂತ. ನಾನು ಮಾತ್ರ, ಓದಲು ಬಾರದವರಿಗೆ ಎಷ್ಟು ಚೆಂದದ ನೆವ ಸಿಕ್ಕಿತಲ್ಲ ಎಂದುಕೊಂಡೆ.

ಖರೆ ಪುಸ್ತಕಗಳನ್ನು ಅವರು ಹಂಚುತ್ತಿದ್ದ ರೀತಿಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಆಡಿಲ್ಲದ ನನಗೆ ಆಡಿನ ರೋಗ. ಕಲ್ಲು ಅರಗಿಸಿಕೊಳ್ಳುವ ಆರೋಗ್ಯದ ದರ್ಜಿಗೆ ಕೆಮ್ಮು ದಮ್ಮಿನ ಪುಸ್ತಕ. ಬಸ್ ಏಜೆಂಟನಿಗೆ ಮದುವೆಯೇ ಆಗಿರಲಿಲ್ಲ, ಅವನಿಗೆ ಕೊಟ್ಟದ್ದು ಎಳೆಗೂಸಿನ ಆರೈಕೆ. ಆ ಪೇಷಿಯ ದಿನ ಬೆಂಚಿನ ಮೇಲೆ ಜಾಗವಿರಲಿಲ್ಲ, ಜನ ಬಾಗಿಲಲ್ಲಿ ನಿಂತಿದ್ದರು. ಆ ಗಿರಿಜಾ ಮೀಸೆಯ ಗಂಡಸು, ಕೂಸಿಗೆ ಹಾಲು ಕುಡಿಸಿದ ಮೇಲೆ ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಬೇಕೆಂದು ತಟ್ಟಿ ತೋರಿಸಿದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪೇಷ್ಕಾರರು ನಗದೆ, "ಎಷ್ಟು ಹೊತ್ತು ತಟ್ಟಬೇಕ್ರಿ?" ಎಂದು ಕೇಳಿದರು.

ನನ್ನ ಪೇಷಿಗಳು ಸೊಗಸಾಗಿರುತ್ತಿದ್ದವು. ಇದನ್ನು ನಾನೇ ಹೇಳಬೇಕಾಗಿದೆ, ಹೇಳುವವರು ಬೇರೆ ಯಾರೂ ಉಳಿದಿಲ್ಲ. ಆದರೆ ಖರೆ ಪುಸ್ತಕ ಓದುವುದೆಂದರೆ ನನಗೆ ಔಷಧಿ ಕುಡಿದ ಹಾಗೆ. ಮೊದಮೊದಲು ಮೂಗು ಹಿಡಿದುಕೊಂಡು ಓದಿದೆ. ಆಮೇಲೆ ಅಲ್ಲಲ್ಲಿ ಹಾರಿಸಿದೆ. ನಾಲ್ಕನೆಯ ವರ್ಷದ ಹೊತ್ತಿಗೆ ಪರಿವಿಡಿ ನೋಡಿ ಒಂದು ತಾಸು ಮಾತಾಡುವ ಮಟ್ಟಕ್ಕೆ ಬಂದಿದ್ದೆ. ಇದನ್ನು ವಿದ್ವತ್ತು ಎನ್ನುವವರೂ ಇದ್ದಾರೆ.

ಆ ವರ್ಷ ತುಂಗಭದ್ರೆಯ ಅಣೆಕಟ್ಟಿನ ಕೆಲಸ ಮುಗಿಯುತ್ತ ಬಂದಿತ್ತು. ಸಿಂಧನೂರಿನ ಕಡೆಗೆ ಕಾಲುವೆ ಅಗೆಯುತ್ತಿದ್ದರು. ಪೂರ್ವದ ಕಡೆಯಿಂದ ತೆಲುಗು ಮಾತಾಡುವ, ಭತ್ತ ಬೆಳೆದು ಬಲ್ಲ ರೈತರು ಬಂದು ನಮ್ಮವರ ಕರಿಮಣ್ಣಿನ ಎರೆ ಹೊಲ ಕೊಳ್ಳಲು ಊರೂರು ತಿರುಗುತ್ತಿದ್ದರು. ಹೊಲ ಇಟ್ಟುಕೊಳ್ಳಬೇಕೋ ಕೊಟ್ಟುಬಿಡಬೇಕೋ ಎಂದು ಜನ ಒಬ್ಬರ ಮೋರೆ ಒಬ್ಬರು ನೋಡುತ್ತಿದ್ದರು. ಪೇಷ್ಕಾರರಿಗೆ ಬಳಗಾನೂರಿನ ಹತ್ತಿರ ತಂದೆಯ ಕಾಲದ ಎರೆ ಹೊಲವಿತ್ತು, ತಮ್ಮ ನೋಡಿಕೊಳ್ಳುತ್ತಿದ್ದ. ಅದು ನನಗೆ ಗೊತ್ತಿತ್ತು. ಕೊಳ್ಳುವವರು ತಿರುಗುತ್ತಿದ್ದದ್ದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಲು ನನಗೆ ಪುರಸತ್ತಿರಲಿಲ್ಲ. ಎರಡು ಭಾಗದ ಒಂದು ಕಾದಂಬರಿಯ ಮೊದಲ ಭಾಗ ಮುಗಿಸಿದ್ದೆ. ನಾಯಕಿ ನಡುಹೊಳೆಯಲ್ಲಿ ದೋಣಿಯೊಳಗೆ ಒಬ್ಬಳೇ ಇದ್ದಳು, ಅವಳನ್ನು ದಡ ಸೇರಿಸುವ ಎರಡನೆಯ ಭಾಗ ಅಲ್ಮಾರಿಯಲ್ಲಿತ್ತು.

"ಈಗ ಖರೆ ಪಾಳಿ ಐತ್ರಿ ಮಾಸ್ತರ," ಎಂದು ಪೇಷ್ಕಾರರು ಎರೆ ಭೂಮಿಗೆ ನೀರಾವರಿ ಮಾಡುವ ಕುರಿತ ಪುಸ್ತಕ ಕೊಟ್ಟರು. "ಸಾವಕಾಶ ಓದ್ರಿ. ಇದನ್ನ ಮನಸಿಟ್ಟು ಓದ್ರಿ."

ಹೊಸ ಪುಸ್ತಕ. ಆಗಿನ ಎಷ್ಟೋ ಪುಸ್ತಕಗಳು ಹಾಳೆಗಳ ಮಡಿಕೆ ಬಿಡಿಸದೆ ಹಾಗೇ ಬರುತ್ತಿದ್ದವು, ಮೊದಲು ಓದುವವನೇ ಚಾಕು ಹಾಕಿ ಅಂಚು ಸೀಳಿಕೊಳ್ಳಬೇಕು. ನಾನು ಸೀಳಲಿಲ್ಲ. ಹದಿನೈದು ದಿನ ಅದು ನನ್ನ ಮನೆಯಲ್ಲಿ ನೀರಿನ ಕೊಡದ ಮೇಲೆ ಮುಚ್ಚಳವಾಗಿ ಸೇವೆ ಸಲ್ಲಿಸಿತು. ನಮ್ಮ ಮಸ್ಕಿಯ ಗುಡ್ಡದಲ್ಲಿ ಹಿಂದೆ ಯಾವನೋ ಚಕ್ರವರ್ತಿ ಬಂಡೆಯ ಮೇಲೆ ಬರೆಸಿಟ್ಟದ್ದನ್ನು ಊರವರು ಎಷ್ಟೋ ಶತಮಾನ ಓದದೆ ಅದರ ಪಕ್ಕದಲ್ಲೇ ಆಡು ಮೇಯಿಸಿಕೊಂಡಿದ್ದರು. ಓದದೆ ಇರುವ ಕಲೆ ನಮಗೆ ರಕ್ತದಲ್ಲೇ ಇದೆ.

ಶನಿವಾರ ಮಸ್ಕಿಗೆ ಹೋದಾಗ ಬಸ್ ನಿಲ್ದಾಣದ ಚಹಾದ ಅಂಗಡಿಯಲ್ಲಿ ಯಾರೋ ಇಬ್ಬರು ಕಾಲುವೆಯ ಬಗ್ಗೆ ವಾದ ಮಾಡುತ್ತಿದ್ದರು. ಎರೆ ಭೂಮಿಗೆ ನೀರು ಕುಡಿಸಿದರೆ ಸವಳು ಎದ್ದು ನೆಲ ಉಪ್ಪಾಗುತ್ತದೆ ಎಂದು ಒಬ್ಬ, ಏಳುವುದಿಲ್ಲ ಎಂದು ಇನ್ನೊಬ್ಬ. ಅಷ್ಟರಲ್ಲಿ ನನ್ನ ಬಸ್ ಬಂತು. ಸವಳು ಏಳುತ್ತದೆ ಎಂಬುದರಲ್ಲಿ ಕಥೆಗೆ ಕಸುವಿತ್ತು, ಹಾಗಾಗಿ ಅದನ್ನು ಆರಿಸಿಕೊಂಡೆ.

ಸೋಮವಾರ ಸಂಜೆ ಬೆಂಚಿನ ಮೇಲೆ ಕೂತು ಶುರು ಮಾಡಿದೆ. "ಮೊದಲನೇ ವರ್ಷ ಬೆಳಿ ಎದಿಮಟ ಬರತೈತ್ರಿ. ರೈತ ಹಿಗ್ಗತಾನ. ಎರಡನೇ ವರ್ಷ ಮೊಣಕಾಲಮಟ. ಮೂರನೇ ವರ್ಷ ನೆಲದ ಮ್ಯಾಲೆ ಬೆಳ್ಳಗ ಉಪ್ಪು ಏಳತೈತಿ. ಆಮ್ಯಾಲೆ ಅಲ್ಲಿ ಜ್ವಾಳ ಸುದ್ದಾ ಹುಟ್ಟಂಗಿಲ್ಲ."

ಪೇಷ್ಕಾರರು ಕಣ್ಣು ಮುಚ್ಚಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದರು.

"ಬಸಿಗಾಲುವಿ ತಗದ್ರೂ?" ಎಂದು ಮೆಲ್ಲಗೆ ಕೇಳಿದರು.

ಹೆಚ್ಚಾದ ನೀರು ಬಸಿದು ಹೋಗಲೆಂದು ಹೊಲದಲ್ಲಿ ತೋಡುವ ಕಾಲುವೆಗೆ ಹಾಗೆನ್ನುತ್ತಾರೆಂಬುದೂ ನನಗೆ ಆಗ ಸರಿಯಾಗಿ ಗೊತ್ತಿರಲಿಲ್ಲ.

"ತಗದ್ರೂ ಅಷ್ಟರೀ."

"ಪುಸ್ತಕದಾಗ ಹಂಗ ಬರದಾರ?"

"ಬರದಾರ್ರಿ."

"ಇನ್ನೊಮ್ಮಿ ಮದಲಿಂದ ಹೇಳ್ರಿ."

ಯಾರ ಪೇಷಿಯನ್ನೂ ಅವರು ಎರಡು ಸಲ ಕೇಳಿದ್ದಿಲ್ಲ. ನನಗೆ ಕೋಡು ಮೂಡಿತು. ಎರಡನೆಯ ಸಲ ಇನ್ನೂ ರಂಗೇರಿಸಿದೆ. ಕೊನೆಗೆ ಆ ರೈತನ ಹೆಂಡತಿ ಹೊಲದ ಉಪ್ಪನ್ನೇ ಕೆರೆದು ತಂದು ಸಾರಿಗೆ ಹಾಕಿದಳು ಎಂದೂ ಸೇರಿಸಿದೆ. ದರ್ಜಿ "ಯಾ ಅಲ್ಲಾ" ಎಂದ. ಪೇಷ್ಕಾರರ ಬೆರಳು ಮೇಜಿನ ಮೇಲೆ ಸಹಿ ಹಾಕಿದ ಹಾಗೆ ಆಡಿತು. ಪುಸ್ತಕವನ್ನು ತೆಗೆದುಕೊಂಡು, ಒಳಗೆ ನೋಡದೆ ಖರೆ ಅಲ್ಮಾರಿಗೆ ಸೇರಿಸಿ, ನನಗೆ ಎರಡನೆಯ ಭಾಗ ಕೊಟ್ಟರು. ನಾಯಕಿ ದಡ ಸೇರಿದಳು.

ಮರುದಿನದಿಂದ ನಾಲ್ಕು ದಿನ ವಾಚನಾಲಯಕ್ಕೆ ಬೀಗ. ಪೇಷ್ಕಾರರು ಸಿಂಧನೂರಿಗೆ ಏನೋ ಕಾಗದದ ಕೆಲಸಕ್ಕೆ ಹೋಗಿದ್ದಾರೆಂದು ಏಜೆಂಟ್ ಹೇಳಿದ. ಪುಸ್ತಕ ಬದಲಿಸಲು ಆಗಲಿಲ್ಲವೆಂದು ನಾನು ನಾಲ್ಕೂ ದಿನ ಗೊಣಗಿದೆ.

ಅದಾದ ಎರಡು ಮೂರು ತಿಂಗಳಿಗೆ ಒಂದು ಪವಾಡ ನಡೆಯಿತು. ಪೇಷ್ಕಾರರು ನನಗೆ ಖರೆ ಪುಸ್ತಕ ಕೊಡುವುದನ್ನು ನಿಲ್ಲಿಸಿದರು. ಕಾದಂಬರಿ ಹಿಂದಿರುಗಿಸಿದರೆ ಇನ್ನೊಂದು ಕಾದಂಬರಿ, ಅದನ್ನು ಹಿಂದಿರುಗಿಸಿದರೆ ಮತ್ತೊಂದು. ಬೇರೆಯವರಿಗೆಲ್ಲ ಹಳೆಯ ಕಾನೂನೇ, ನನಗೊಬ್ಬನಿಗೇ ಮಾಫಿ. ದರ್ಜಿಗೆ ಹೊಟ್ಟೆಕಿಚ್ಚಾಯಿತು. "ಮಾಸ್ತರಿಗೆ ಯಾಕ್ರೀ ಖರೆ ಇಲ್ಲ?" ಎಂದು ಕೇಳಿಯೇಬಿಟ್ಟ.

"ಅವರಿಗೆ ಸುಳ್ಳು ಛಲೋ ಒಗ್ಗತೈತಿ," ಎಂದರು ಪೇಷ್ಕಾರರು, ಅಲ್ಮಾರಿಯ ಕಡೆ ಮುಖ ಮಾಡಿಕೊಂಡೇ.

ಓದುಗನ ಅಭಿರುಚಿ ಎಂದರೇನೆಂಬುದನ್ನು ನಾಲ್ಕು ವರ್ಷ ತಿದ್ದಿ ತೀಡಿ ಆ ಮುದುಕರಿಗೆ ಕಲಿಸಿದೆ ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಮೂರು ವರ್ಷ ಆ ಹೆಮ್ಮೆಯಲ್ಲಿ ಕಾದಂಬರಿ ಓದಿದೆ. ಆಗ ಓದಿದ ಒಂದು ಕಥೆಯೂ ಈಗ ನೆನಪಿಲ್ಲ.

೧೯೫೬ರಲ್ಲಿ, ಕನ್ನಡ ನಾಡು ಒಂದಾಯಿತೆಂದು ಊರು ತೋರಣ ಕಟ್ಟುತ್ತಿದ್ದ ದಿನಗಳಲ್ಲಿ, ಪೇಷ್ಕಾರರು ತೀರಿಕೊಂಡರು. ಬಹಳ ವರ್ಷಗಳ ದಮ್ಮು. ಅವರ ಮನೆಗೆ ನಾನು ಕಾಲಿಟ್ಟದ್ದು ಅದಾದ ಮೂರನೆಯ ದಿನ, ಅದೂ ಬೀಗದ ಕೈ ತರಲೆಂದು. ಬಾಡಿಗೆಯ ಎರಡು ಕೋಣೆ. ಅಂಗಳದಲ್ಲಿ ಎರಡು ಆಡು ಕಟ್ಟಿದ್ದವು. ಆರೇಳು ವರ್ಷದ ಮೊಮ್ಮಗಳೊಬ್ಬಳು ಚಿಂದಿ ಗೊಂಬೆಯನ್ನು ಭುಜದ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಒಳಗೆ ಗೋಡೆಯ ಗೂಡಿನಲ್ಲಿ ದಮ್ಮಿನ ಕಷಾಯದ ಬಾಟಲಿ.

ನಾನು ಹೊಸ್ತಿಲಲ್ಲೇ ನಿಂತೆ. ತಲೆ ಬುಡವಿಲ್ಲದ ಹಂಚಿಕೆಯೆಂದು ಏಳು ವರ್ಷ ನಕ್ಕಿದ್ದೆನಲ್ಲ, ಅದರ ತಲೆಯೂ ಬುಡವೂ ಆ ಮನೆಯಲ್ಲಿದ್ದವು. ತಮಗೆ ತಿಳಿಯಬೇಕಾದದ್ದನ್ನು ಅವರು ನಮ್ಮ ಕಣ್ಣಿನಿಂದ ಓದಿಸಿಕೊಳ್ಳುತ್ತಿದ್ದರು. ನಾವು ಅವರ ಪೇಷ್ಕಾರರು.

ಅವರ ಹೆಂಡತಿ ಹೊರಗೆ ಹೆಚ್ಚು ಬಂದವರಲ್ಲ, ನನ್ನ ಗುರುತು ಅವರಿಗಿರಲಿಲ್ಲ. ವಾಚನಾಲಯದಿಂದ ಬಂದಿದ್ದೇನೆ ಎಂದೆ. ಬೀಗದ ಕೈ ಕೊಟ್ಟರು. ಆಮೇಲೆ ಒಳಗಿನಿಂದ ರುಮಾಲಿನಲ್ಲಿ ಸುತ್ತಿದ ಒಂದು ಪುಸ್ತಕ ತಂದರು.

"ಇದೊಂದು ನಿಮ್ಮದೈತಿ ನೋಡ್ರಿ. ಮೂರು ವರ್ಷ ಆತು ಮನ್ಯಾಗ ಐತಿ. ಹೊಳ್ಳಿ ಕೊಡ್ರಿ ಅಂದ್ರ, ಇರಲಿ ಅಂತಿದ್ರು."

ಬಿಚ್ಚಿದೆ. ಮುಖಪುಟದ ಮೇಲೆ ಕೊಡದ ಬಾಯಿಯ ದುಂಡನೆಯ ಕಲೆ. ಹಾಳೆಗಳು ನಾನು ಕೊಟ್ಟಾಗ ಹೇಗಿದ್ದವೋ ಹಾಗೇ ಕೂಡಿಕೊಂಡಿದ್ದವು.

"ಬಳಗಾನೂರ ಹೊಲದ ಸಲುವಾಗಿ ಇದನ್ನ ಯಾರೋ ಮಾಸ್ತರ ಕಡಿಂದ ಓದಿಸಿದ್ರಂತ," ಎಂದರು ಆಕೆ. "ಹೊಲದ ಉಪ್ಪು ಕೆರದು ಸಾರಿಗೆ ಹಾಕೂ ದಿನ ಬರತೈತಿ ಅಂತ ಬರದಾರಂತ. ಅದಕ್ಕ ಸಿಂಧನೂರಿಗೆ ಹೋಗಿ ಮಾರಿ ಬಂದ್ರು. ಅವರ ತಮ್ಮ ಸಿಟ್ಟಿಗೆದ್ದು ಬಂದ. ಅಂವಗ ಕನ್ನಡ ಓದಾಕ ಬರತೈತಿ. ಎಲ್ಲಿ ಬರದೈತಿ ತೋರಸು ಅಂದ. ಇವರು ಪುಸ್ತಕ ತಂದು ಮುಂದ ಇಟ್ರು. ಅಂವ ತಗದು ನೋಡಿ, ಅಣ್ಣಾ, ಇದನ್ನ ಯಾರೂ ಬಿಚ್ಚೇ ಇಲ್ಲ ಅಂದ."

"ಅವರು ಏನಂದ್ರು ರೀ?"

"ಅಂವ ಚಾಕು ತಗೊಂಡ, ಬ್ಯಾಡ ಅಂದ್ರು. ಈಗ ಕೊಯ್ದು ಓದಿದ್ರ ಹೊಲ ಹೊಳ್ಳಿ ಬರತೈತೇನು ಅಂದ್ರು. ತಮ್ಮ ಇವರ ಕೂಡ ಮಾತು ಬಿಟ್ಟ, ಸತ್ತಾಗೂ ಬರಲಿಲ್ಲ. ಈ ವರ್ಷ ಅಲ್ಲಿ ಕಾಲುವಿ ನೀರು ಬಂದೈತಂತ. ಭತ್ತ ಎದಿಮಟ ನಿಂತೈತಂತ." ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಆ ಮಾಸ್ತರ ಯಾರು ಅಂತ ಎಷ್ಟ ಕೇಳಿದ್ರೂ ಹೇಳಲಿಲ್ರಿ. ಗೊತ್ತಾದ್ರ ಅಂವ ಪುಸ್ತಕಕ್ಕ ಬರೂದು ಬಿಡತಾನ, ಓದೂದ ಬಿಡತಾನ ಅಂದ್ರು. ನಿಮಗ ಗೊತ್ತೇನ್ರಿ ಅಂವ ಯಾರು ಅಂತ?"

ಅಂಗಳದಲ್ಲಿ ಆಡು ಕೂಗಿತು.

"ಗೊತ್ತಿಲ್ರಿ ಅವ್ವಾರ," ಎಂದೆ.

ಪೇಷ್ಕಾರರು ಸರಿಯಾಗಿಯೇ ಹೇಳಿದ್ದರು. ನನಗೆ ಸುಳ್ಳು ಚೆನ್ನಾಗಿ ಒಗ್ಗುತ್ತದೆ.

ಆ ಪುಸ್ತಕವನ್ನು ನಾನು ವಾಚನಾಲಯಕ್ಕೆ ಹಿಂದಿರುಗಿಸಲಿಲ್ಲ. ಮನೆಗೆ ತಂದು, ಅಂಚು ಸೀಳಿ, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದೆ. ಬಸಿಗಾಲುವೆಗೇ ಒಂದು ಅಧ್ಯಾಯವಿದೆ. ಎಷ್ಟು ಆಳ ತೋಡಬೇಕು, ಎಷ್ಟು ದೂರಕ್ಕೊಂದು ತೋಡಬೇಕು, ಹಾಗೆ ತೋಡಿದರೆ ಎರೆ ಭೂಮಿಯಲ್ಲಿ ಸವಳು ಏಳದಂತೆ ಕಾಯ್ದುಕೊಳ್ಳಬಹುದೆಂದು ಚಿತ್ರ ಹಾಕಿ ತಿಳಿಸಿದ್ದಾರೆ. ಈಗ ಆ ಪುಸ್ತಕದ ಪೇಷಿಯನ್ನು ಒಂದಕ್ಷರ ಆಕಡೆ ಈಕಡೆ ಆಗದಂತೆ ಹೇಳಬಲ್ಲೆ. ಎದುರಿಗೆ ಮೀಸೆಯ ತುದಿ ಹಿಡಿದುಕೊಂಡು ಕೇಳುವವರಿಲ್ಲ.